ಹೊರಗಿನವರ ಪತ್ರ, ಕಂಪನಿಯ ಫೋನ್ ಬಿಲ್ಲು: ಒಂದು ಪ್ರಕರಣ ಅಧ್ಯಯನ

ಹೊರಗಿನವರ ಇ-ಮೇಲ್ ಪತ್ರ ದಾಟಿಸಲು ತನ್ನ ಫೋನ್ ಬಿಲ್ಲು ತೆತ್ತ ಕಂಪನಿಯೊಂದರ ಕತೆ ಇದು. ಕಂಪನಿಯ ಹೆಸರು ಇಲ್ಲಿ ಬರುವುದಿಲ್ಲ. ಅಮೆರಿಕದಲ್ಲಿ ಕಂಪ್ಯೂಟರಿಗೆ ಜೋಡಿಸುವ ಉಪಕರಣಗಳನ್ನು ಮಾಡಿ ಮಾರುತ್ತಿದ್ದ ಮಧ್ಯಮ ಗಾತ್ರದ ಕಂಪನಿ ಅಂದರೆ ಸಾಕು. ಕಾಲ 1980ರ ದಶಕದ ಉತ್ತರಾರ್ಧ. ಹೊರಗಿನ ಜಾಲಕ್ಕೆ ಬಾಗಿಲಾಗಿದ್ದ ಅದರ ಯಂತ್ರಕ್ಕೆ ನಾನೇ 'ನಡುಮನೆ' ಎಂದು ಹೆಸರಿಟ್ಟಿದ್ದೇನೆ. ಜನರನ್ನು ಹುದ್ದೆಯಿಂದ ಕರೆದಿದ್ದೇನೆ, ಬಿಲ್ಲಿನ ಮೊತ್ತ ಕೊಟ್ಟಿಲ್ಲ. ಜಾಲ ಹೇಗೆ ನಡೆಯುತ್ತಿತ್ತು ಎಂಬ ವಿವರ ಮಾತ್ರ ಇದ್ದದ್ದು ಇದ್ದ ಹಾಗೆ.

ಹಿನ್ನೆಲೆ

ಆಗ ಇ-ಮೇಲ್‌ಗೆ ಇಂಟರ್ನೆಟ್ಟೇ ಬೇಕೆಂದೇನೂ ಇರಲಿಲ್ಲ. ಇಂಟರ್ನೆಟ್ಟಿನ ಪೂರ್ವಜ ಅರ್ಪಾನೆಟ್ ಇತ್ತು, ಆದರೆ ಅದರೊಳಗೆ ಕಾಲಿಡಲು ರಕ್ಷಣಾ ಇಲಾಖೆಯ ಸಂಶೋಧನೆಯ ನಂಟು ಬೇಕಿತ್ತು. ಆ ನಂಟಿಲ್ಲದ ಕಾಲೇಜುಗಳೂ ಕಂಪನಿಗಳೂ ಯೂನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಜೊತೆಗೇ ಬರುತ್ತಿದ್ದ ಯುಯುಸಿಪಿ ಹಿಡಿದವು. ಬೆಲ್ ಲ್ಯಾಬ್ಸ್‌ನ ಮೈಕ್ ಲೆಸ್ಕ್ 1970ರ ದಶಕದಲ್ಲಿ ಬರೆದ ತಂತ್ರಾಂಶ ಅದು. 1979ರ ಏಳನೇ ಆವೃತ್ತಿಯ ಯೂನಿಕ್ಸ್‌ನೊಂದಿಗೆ ಎಲ್ಲೆಡೆ ಹರಡಿತು. ಮಾಡುವ ಕೆಲಸ ಇಷ್ಟೇ: ಒಂದು ಯಂತ್ರ ಮೋಡೆಮ್ ಮೂಲಕ ಇನ್ನೊಂದಕ್ಕೆ ಫೋನ್ ಹಚ್ಚುತ್ತದೆ, ಲಾಗಿನ್ ಆಗುತ್ತದೆ, ಸರದಿಯಲ್ಲಿರುವ ಕಡತಗಳನ್ನು ಕೊಡುತ್ತದೆ, ತನಗೆ ಬಂದದ್ದನ್ನು ತೆಗೆದುಕೊಳ್ಳುತ್ತದೆ, ಫೋನ್ ಇಡುತ್ತದೆ.

ನೇರ ಫೋನ್ ಸಂಪರ್ಕ ಇಲ್ಲದವರಿಗೆ ಪತ್ರ ಮುಟ್ಟಬೇಕಾದರೆ ನಡುವಿನವರ ಕೈ ದಾಟಿಯೇ ಹೋಗಬೇಕು. ವಿಳಾಸವೆಂದರೆ ಹೋಗುವ ದಾರಿಯೇ: ಐಎಚ್‌ಎನ್‌ಪಿ4!ನಡುಮನೆ!ಕಾಲೇಜು!ಪ್ರೊಫೆಸರ್. ಪ್ರತಿಯೊಂದು ಯಂತ್ರವೂ ತನ್ನ ಹೆಸರು ಕಿತ್ತು ಉಳಿದದ್ದನ್ನು ಮುಂದಿನವರಿಗೆ ಸಾಗಿಸುತ್ತದೆ. ಇಲ್ಲಿ ಮೊದಲ ಹೆಸರು ನಿಜವಾದದ್ದು. ಇಲಿನಾಯ್‌ನ ನೇಪರ್‌ವಿಲ್‌ನಲ್ಲಿ ಬೆಲ್ ಲ್ಯಾಬ್ಸ್‌ನವರ ಯಂತ್ರ. ಡಿಇಸಿ ಕಂಪನಿಯ ಡೆಕ್‌ವ್ಯಾಕ್ಸ್, ವರ್ಜೀನಿಯಾದ ಭೂಕಂಪ ಅಧ್ಯಯನ ಕೇಂದ್ರದ ಸೀಸ್ಮೋ ಕೂಡ ಹೀಗೆಯೇ ಗುರುತು ಪರಿಚಯ ಇಲ್ಲದವರ ಪತ್ರಗಳನ್ನು ವರ್ಷಗಟ್ಟಲೆ ದಾಟಿಸಿದವು. ಫೋನ್ ಖರ್ಚು ಆಯಾ ಸಂಸ್ಥೆಯದೇ.

ಯಾಕೆ ಮಾಡಿದರು ಎಂದರೆ ಒಂದೇ ಉತ್ತರ ಇಲ್ಲ. ಡಿಇಸಿ ಮಾರುತ್ತಿದ್ದ ವ್ಯಾಕ್ಸ್ ಯಂತ್ರಗಳ ಮೇಲೆಯೇ ಯೂನಿಕ್ಸ್ ಮಂದಿಯ ಬಹುಪಾಲು ಕೆಲಸ ನಡೆಯುತ್ತಿತ್ತು. ಅವರ ಒಲವು ಇದ್ದರೆ ವ್ಯಾಪಾರಕ್ಕೂ ಒಳ್ಳೆಯದು. ಬೆಲ್ ಲ್ಯಾಬ್ಸ್ ಎಟಿ ಅಂಡ್ ಟಿ ಎಂಬ ಟೆಲಿಫೋನ್ ಕಂಪನಿಯದೇ ಕೂಸು. ನಮ್ಮ ಪ್ರಕರಣದ ಕಂಪನಿಗಾದರೋ ಇನ್ನೂ ಸಣ್ಣ ಕಾರಣ: ಗ್ರಾಹಕರು ದೋಷಗಳ ವರದಿ ಮೇಲ್‌ನಲ್ಲಿ ಕಳಿಸಲಿ ಅನ್ನುವುದು, ಎಂಜಿನಿಯರುಗಳಿಗೆ ಯಂತ್ರದಿಂದ ಯಂತ್ರಕ್ಕೆ ಹಂಚಿಕೆಯಾಗುತ್ತಿದ್ದ ಚರ್ಚಾ ಜಾಲ ಯೂಸ್‌ನೆಟ್ ಸಿಗಲಿ ಅನ್ನುವುದು. ಎರಡು ಸಂಪರ್ಕಗಳಿಂದ ಶುರುವಾಯಿತು. ಆಮೇಲೆ ಒಬ್ಬ ಎಂಜಿನಿಯರು ತಾನು ಓದಿದ ಕಾಲೇಜಿಗೆ ಲಾಗಿನ್ ಕೊಡಿಸಿದ. ಇನ್ನೊಬ್ಬರ ಮಾತಿನ ಮೇಲೆ ಪಕ್ಕದ ಊರಿನ ಸಂಶೋಧನಾಲಯ ಸೇರಿತು. ಕೆಲಸ ಬಿಟ್ಟು ಹೋದವನೊಬ್ಬ ತನ್ನ ಹೊಸ ಕಂಪನಿಗೂ ಒಂದು ತಂತಿ ಎಳೆದುಕೊಂಡ. ಆ ಹೊಸ ಕಂಪನಿ ಇವರ ಪ್ರತಿಸ್ಪರ್ಧಿ ಎಂಬುದನ್ನು ಆಗ ಯಾರೂ ಎತ್ತಿ ಆಡಲಿಲ್ಲ. ಯಾವುದಕ್ಕೂ ಮೇಲಿನವರ ಸಹಿ ಇರಲಿಲ್ಲ, ಕೇಳಬೇಕೆಂದು ಯಾರಿಗೂ ಅನಿಸಿರಲೂ ಇಲ್ಲ.

ಸಮಸ್ಯೆ ಕಣ್ಣಿಗೆ ಬಿದ್ದ ಬಗೆ

1984ರ ಜನವರಿ 1ರಂದು ಎಟಿ ಅಂಡ್ ಟಿ ಒಡೆದು ಪ್ರಾದೇಶಿಕ ಟೆಲಿಫೋನ್ ಕಂಪನಿಗಳು ಬೇರೆಯಾದ ಮೇಲೆ ಅಮೆರಿಕದ ಕಂಪನಿಗಳು ತಮ್ಮ ದೂರವಾಣಿ ಖರ್ಚನ್ನು ಹೊಸದಾಗಿ ನೋಡತೊಡಗಿದವು. ಇಲ್ಲೂ ಹಾಗೆಯೇ. ಹಣಕಾಸು ವಿಭಾಗದ ಮ್ಯಾನೇಜರು ಬಿಲ್ಲನ್ನು ಲೈನುವಾರು ಬಿಡಿಸಿದಾಗ, ಮನುಷ್ಯರೇ ಮಾತಾಡದ ಎರಡು ಲೈನುಗಳು ಮಾರಾಟ ವಿಭಾಗವನ್ನೂ ಮೀರಿಸಿದ್ದವು. ಎರಡೂ ಕಂಪ್ಯೂಟರ್ ಕೋಣೆಯ ಮೋಡೆಮ್‌ಗಳದು.

ಯಂತ್ರ ನೋಡಿಕೊಳ್ಳುವ ಅಡ್ಮಿನ್‌ರನ್ನು ಕರೆದು ಕೇಳಿದ್ದು ಒಂದೇ ಪ್ರಶ್ನೆ: ಇದು ಯಾರ ಪತ್ರ?

ಅವರ ಹತ್ತಿರ ಉತ್ತರ ಇರಲಿಲ್ಲ. ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಜಾಗ ಇದೇ. ಯುಯುಸಿಪಿಯ ಲಾಗ್ ಕಡತದಲ್ಲಿ ಯಾವ ನೆರೆಯ ಯಂತ್ರ, ಎಷ್ಟು ಬೈಟು, ಎಷ್ಟು ಸೆಕೆಂಡು ಎಂದು ಸಾಲುಸಾಲಾಗಿ ಇರುತ್ತದೆ. ಆದರೆ ಅದಕ್ಕೆ ಗೊತ್ತಿರುವುದು ಪಕ್ಕದವರು ಮಾತ್ರ. ಕಾಲೇಜಿನಿಂದ ಬಂದ ಪತ್ರ ಕಾಲೇಜಿನವರದೇ, ಇಲ್ಲ ಅದರ ಹಿಂದಿನ ಐದು ಯಂತ್ರ ದಾಟಿ ಬಂದದ್ದೇ ಎಂದು ಲಾಗ್ ಹೇಳುವುದಿಲ್ಲ. ಅದು ಗೊತ್ತಾಗಬೇಕಾದರೆ ಪತ್ರದ ತಲೆಯ ಮೇಲೆ ಒಂದರ ಕೆಳಗೊಂದು ಕೂತಿರುವ 'ರಿಮೋಟ್ ಫ್ರಮ್' ಸಾಲುಗಳನ್ನು ಓದಬೇಕು, ಅಂದರೆ ಪತ್ರ ತೆರೆಯಬೇಕು.

ಪತ್ರ ತೆರೆಯುವುದು ಅಂದಮೇಲೆ ವಕೀಲರು ಬಂದರು. 1986ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಎಲೆಕ್ಟ್ರಾನಿಕ್ ಸಂವಹನದ ಗೋಪ್ಯತೆಯ ಕಾಯ್ದೆ ಜಾರಿಗೆ ಸಹಿ ಬಿದ್ದಿತ್ತು. ಪರರ ಪತ್ರ ಕೈಯಲ್ಲಿರುವ ಕಂಪನಿಯ ಜವಾಬ್ದಾರಿ ಎಷ್ಟು, ಪ್ರತಿಸ್ಪರ್ಧಿಯ ಪತ್ರ ನಮ್ಮ ಡಿಸ್ಕಿನ ಮೇಲೆ ಒಂದು ರಾತ್ರಿ ಮಲಗಿದ್ದು ಆಮೇಲೆ ಅವರ ಗುಟ್ಟು ಬಯಲಾದರೆ ಬೊಟ್ಟು ಯಾರ ಕಡೆ? ಹಣದ ಪ್ರಶ್ನೆಯಾಗಿ ಶುರುವಾದದ್ದು ಒಂದೇ ಸಭೆಯಲ್ಲಿ ಹೊಣೆಯ ಪ್ರಶ್ನೆಯಾಯಿತು.

ಅಡ್ಮಿನ್ ಒಂದು ಮಧ್ಯದ ದಾರಿ ಹಿಡಿದರು. ಪತ್ರ ದಾಟಿಸುವ ಪುಟ್ಟ ಪ್ರೋಗ್ರಾಂ ಆರ್‌ಮೇಲ್‌ಗೆ ಕೆಲವು ಸಾಲು ಸೇರಿಸಿ, ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತಿದೆ, ಎಷ್ಟು ದೊಡ್ಡದು ಎಂಬ ಮೂರನ್ನೇ ಬರೆದಿಡುವ ಹಾಗೆ ಮಾಡಿದರು. ಒಳಗಿನ ಒಂದಕ್ಷರವೂ ದಾಖಲಾಗದು. ಈ ತೀರ್ಮಾನವನ್ನು ಅವರು ವಕೀಲರಿಗೆ ಬರಹದಲ್ಲಿ ಕೊಟ್ಟರು. ಮುಂದೆ ಜಗಳ ಎದ್ದಾಗ ಅವರನ್ನು ಕಾಪಾಡಿದ್ದು ಆ ಒಂದು ಪುಟ.

ಲೆಕ್ಕ ಹೇಳಿದ್ದು

ಕೆಲವು ವಾರಗಳ ಲೆಕ್ಕ ಸೇರಿಸಿದಾಗ ಎಲ್ಲರ ಅಂದಾಜೂ ತಲೆಕೆಳಗಾಯಿತು. ಬೈಟುಗಳಲ್ಲಿ ನೋಡಿದರೆ ಹೊರಗಿನವರ ಪತ್ರ ದೊಡ್ಡ ಹೊರೆಯೇ ಅಲ್ಲ. ಸಿಂಹಪಾಲು ಯೂಸ್‌ನೆಟ್ ಸುದ್ದಿಯದು. ಆದರೆ ಬಿಲ್ಲಿನಲ್ಲಿ ಬೈಟಿಗೆ ಇಷ್ಟು ಎಂದು ನೋಡಿದರೆ ಪತ್ರವೇ ತುಟ್ಟಿ.

ಕಾರಣ ದರಪಟ್ಟಿಯಲ್ಲಿತ್ತು. ಆಗ ಅಮೆರಿಕದಲ್ಲಿ ರಾತ್ರಿ 11ರಿಂದ ಬೆಳಿಗ್ಗೆ 8ರವರೆಗೆ ದೂರದ ಕರೆಗಳು ಅಗ್ಗ, ಕೆಲಸದ ಹೊತ್ತಿನಲ್ಲಿ ದುಬಾರಿ. ಯೂಸ್‌ನೆಟ್ ಸುದ್ದಿ ಸರದಿಯಲ್ಲಿ ಕೂತು ರಾತ್ರಿಗಾಗಿ ಕಾಯುತ್ತದೆ. ಮೇಲ್ ಹಾಗಲ್ಲ, ಪತ್ರ ಬಂದ ಕೂಡಲೇ ಮುಂದಿನ ಯಂತ್ರಕ್ಕೆ ಫೋನ್ ಹಚ್ಚುವ ಹಾಗೆ ನಡುಮನೆಯಲ್ಲಿ ಹೊಂದಿಸಿದ್ದರು. 1200 ಬಿಪಿಎಸ್ ಮೋಡೆಮ್ ಸೆಕೆಂಡಿಗೆ ಸುಮಾರು 120 ಅಕ್ಷರ ಸಾಗಿಸುತ್ತದೆ. 3000 ಅಕ್ಷರದ ಪತ್ರಕ್ಕೆ 25 ಸೆಕೆಂಡು ಸಾಕು. ಆದರೆ ಡಯಲ್ ಆಗಿ, ಮೋಡೆಮ್‌ಗಳು ಪರಸ್ಪರ ಕೂಗಿಕೊಂಡು, ಲಾಗಿನ್ ಆಗಿ, ಎರಡೂ ಕಡೆಯವರು ಒಪ್ಪಂದಕ್ಕೆ ಬರುವ ಹೊತ್ತಿಗೆ ಅದಕ್ಕಿಂತ ಹೆಚ್ಚು ಸಮಯ ಹೋಗಿರುತ್ತದೆ, ಅದೂ ದರ ಹೆಚ್ಚಿರುವ ಮೊದಲ ನಿಮಿಷದಲ್ಲಿ. ಒಂದು ಕೊತ್ತಂಬರಿ ಕಟ್ಟು ತರಲು ಟ್ಯಾಕ್ಸಿ ಮಾಡಿಕೊಂಡು ಹೋದ ಲೆಕ್ಕ.

ಇಷ್ಟೊಂದು ಹೊರಗಿನ ಪತ್ರ ಇವರ ಬಾಗಿಲಿಗೇ ಯಾಕೆ ಬರುತ್ತಿತ್ತು ಎಂಬುದು ಇನ್ನೊಂದು ಪ್ರಶ್ನೆ. ಯುಯುಸಿಪಿ ಯಂತ್ರಗಳ ನಕ್ಷೆಯನ್ನು ಸ್ವಯಂಸೇವಕರು ಸೇರಿಸಿ ನಿಯಮಿತವಾಗಿ ಯೂಸ್‌ನೆಟ್‌ನಲ್ಲಿ ಹಂಚುತ್ತಿದ್ದರು. ಪ್ರತಿ ಸಂಸ್ಥೆಯೂ ತನ್ನ ನೆರೆಯವರ ಹೆಸರಿನ ಮುಂದೆ ಸಂಪರ್ಕ ಎಷ್ಟು ಸಲೀಸು ಎಂದು ಒಂದು ಪದದಲ್ಲಿ ಬರೆಯಬೇಕು. ಆ ಪದಕ್ಕೊಂದು ಅಂಕಿ: ಬೇಕೆಂದಾಗ ಫೋನ್ ಮಾಡುವ 'ಡಿಮ್ಯಾಂಡ್' ಅಂದರೆ 300, ಗಂಟೆಗೊಮ್ಮೆಯ 'ಅವರ್ಲಿ' 500, ಸಂಜೆ ಮಾತ್ರದ 'ಈವ್ನಿಂಗ್' 1800, ದಿನಕ್ಕೊಮ್ಮೆಯ 'ಡೈಲಿ' 5000. ಸ್ಟೀವನ್ ಬೆಲೊವಿನ್ ಮತ್ತು ಪೀಟರ್ ಹನಿಮನ್ ಬರೆದ ಪಾಥ್‌ಅಲಿಯಾಸ್ ಎಂಬ ಪ್ರೋಗ್ರಾಂ ಈ ಅಂಕಿಗಳನ್ನು ಕೂಡಿಸಿ, ಎಲ್ಲಿಂದ ಎಲ್ಲಿಗೆ ಯಾವ ದಾರಿ ಅಗ್ಗ ಎಂದು ಲೆಕ್ಕ ಹಾಕಿಕೊಡುತ್ತಿತ್ತು. ಹಿಂದಿನ ಒಬ್ಬ ಅಡ್ಮಿನ್ ನಡುಮನೆಯ ಎಲ್ಲ ನೆರೆಯವರ ಮುಂದೆಯೂ 'ಡಿಮ್ಯಾಂಡ್' ಎಂದು ಬರೆದು ಕಳಿಸಿದ್ದ. ಸುಳ್ಳೇನೂ ಅಲ್ಲ. ಆದರೆ ನೆರೆಯವರಲ್ಲಿ ಹಲವರು 'ಈವ್ನಿಂಗ್', 'ಡೈಲಿ' ಎಂದು ಬರೆದಿದ್ದ ಕಾರಣ, ಎಷ್ಟೋ ಅಪರಿಚಿತ ಯಂತ್ರಗಳ ಲೆಕ್ಕದಲ್ಲಿ ನಡುಮನೆಯೇ ಹೆದ್ದಾರಿಯಾಯಿತು. ಬೇರೆಯವರ ಪತ್ರವನ್ನು ಕಂಪನಿ ಒಂದರ್ಥದಲ್ಲಿ ತಾನೇ ಕರೆದು ಕೂರಿಸಿಕೊಂಡಿತ್ತು.

ಮಾಡಿ ನೋಡಿದ್ದು

ಮೊದಲ ಪ್ರಯತ್ನ ಎಲ್ಲರಿಗೂ ಹೊಳೆಯುವಂಥದು: ಹಗಲು ಫೋನ್ ಬೇಡ. ಎಲ್.ಸಿಸ್ ಎಂಬ ಕಡತದಲ್ಲಿ ಪ್ರತಿ ನೆರೆಯವನಿಗೂ ಒಂದು ಸಾಲು, ಅದರಲ್ಲಿ ಸಮಯದ ಒಂದು ಕಲಂ. ಅಲ್ಲಿ 'ಯಾವಾಗ ಬೇಕಾದರೂ' ಎಂದಿದ್ದುದನ್ನು ರಾತ್ರಿ 11ರ ನಂತರ ಎಂದು ತಿದ್ದಿದರು. ತಿದ್ದಲು ಹಿಡಿದದ್ದು ಒಂದು ಗಳಿಗೆ. ನಕ್ಷೆಯನ್ನು ಮಾತ್ರ ತಿದ್ದಲಿಲ್ಲ.

ಹೊರಗಿನವರ ಲೆಕ್ಕದಲ್ಲಿ ನಡುಮನೆ ಇನ್ನೂ 300ರ ಅಗ್ಗದ ದಾರಿಯೇ. ಹಗಲೆಲ್ಲ ಪತ್ರ ಬಂದು ಬೀಳುತ್ತಿತ್ತು, ಹೊರಗೆ ಹೋಗುವುದು ರಾತ್ರಿ ಮಾತ್ರ. ಮುಂದೆ ಹೋಗಬೇಕಾದ ಒಂದು ಪತ್ರಕ್ಕೆ ಯುಯುಸಿಪಿ ಮೂರು ಕಡತ ಮಾಡುತ್ತದೆ, ಹಳೆಯ ಆವೃತ್ತಿಯಲ್ಲಿ ಎಲ್ಲ ನೆರೆಯವರ ಸರದಿಯೂ ಒಂದೇ ಡೈರೆಕ್ಟರಿಯಲ್ಲಿ. ಅದು ತುಂಬುತ್ತಾ ಹೋದಂತೆ ಹುಡುಕಾಟ ನಿಧಾನವಾಯಿತು, ಒಂದೊಂದು ಫೋನ್ ಕರೆಯೂ ಉದ್ದವಾಯಿತು. ವಾರಾಂತ್ಯವೊಂದರಲ್ಲಿ ಸ್ಪೂಲ್, ಅಂದರೆ ಈ ಸರದಿ, ಇದ್ದ ಡಿಸ್ಕ್ ಭಾಗ ಭರ್ತಿಯಾಗಿ ಬಂದ ಪತ್ರಗಳು ಅರ್ಧಕ್ಕೆ ತುಂಡಾದವು. ಅದರಲ್ಲಿ ಕಂಪನಿಯ ಗ್ರಾಹಕರ ದೋಷ ವರದಿಗಳೂ ಇದ್ದವು. ಉಳಿಸಲು ಹೊರಟಿದ್ದ ಹಣ ದೊಡ್ಡದೋ, ಆ ವರದಿಗಳು ದೊಡ್ಡವೋ ಎಂದು ಗ್ರಾಹಕ ಸೇವೆಯವರು ಕೇಳಿದ್ದರಲ್ಲಿ ತಪ್ಪೇನಿಲ್ಲ.

ಎರಡನೆಯದು ವಕೀಲರ ಸಲಹೆ: ಕಳಿಸಿದವರೂ ಪಡೆಯುವವರೂ ಇಬ್ಬರೂ ಹೊರಗಿನವರಾದರೆ ಪತ್ರ ತಿರಸ್ಕರಿಸಿ. ಕೇಳಲು ಖಡಾಖಂಡಿತ. ಅಡ್ಮಿನ್ ಲೆಕ್ಕ ಹಾಕಿ ತೋರಿಸಿದರು. ತಿರಸ್ಕರಿಸಿದ ಪತ್ರ ಮಾಯವಾಗುವುದಿಲ್ಲ. ಯಾಕೆ ಹೋಗಲಿಲ್ಲ ಎಂಬ ಒಕ್ಕಣೆಯೊಂದಿಗೆ, ಪೂರ್ತಿ ಪಠ್ಯದ ಸಮೇತ, ಬಂದ ದಾರಿಯಲ್ಲೇ ವಾಪಸ್ಸು ಹೋಗುತ್ತದೆ. ಅದಕ್ಕೂ ಫೋನ್ ಮಾಡಬೇಕು. ದಾಟಿಸಲು ತಗಲುವ ಖರ್ಚೇ ಬೇಡವೆನ್ನಲೂ ತಗಲುತ್ತದೆ. ಮೇಲಾಗಿ ಕಳಿಸಿದವನಿಗೆ ಈ ದಾರಿ ಯಾಕೆ ಸಿಕ್ಕಿತೆಂದೇ ಗೊತ್ತಿಲ್ಲ. ಅವನ ಯಂತ್ರದಲ್ಲಿ ಹಳೆಯ ನಕ್ಷೆ ಇರುವವರೆಗೂ ಮತ್ತೆ ಕಳಿಸುತ್ತಲೇ ಇರುತ್ತಾನೆ. ಸುಮ್ಮನೆ ಅಳಿಸಿಬಿಡಿ ಎಂದವರೂ ಇದ್ದರು. ಅದಕ್ಕೆ ಅಡ್ಮಿನ್ ಒಪ್ಪಲಿಲ್ಲ, ವಕೀಲರೂ ಆ ಮಾತಿಗೆ ಅಷ್ಟೇ ಬೇಗ ತಲೆಯಾಡಿಸಿ ಬೇಡವೆಂದರು.

ನೆರೆಯವರಿಂದ ಖರ್ಚಿನ ಪಾಲು ಕೇಳೋಣ ಎಂಬುದು ಹಣಕಾಸಿನವರ ಸಲಹೆ. ನ್ಯಾಯವಾಗಿಯೇ ಕಾಣುತ್ತದೆ. ಆದರೆ ದುಡ್ಡು ತೆಗೆದುಕೊಂಡ ಗಳಿಗೆಯಿಂದ ನಾವು ಸಂದೇಶ ಸಾಗಿಸುವ ಸೇವೆ ಮಾರುವವರಾಗುತ್ತೇವೆ, ಪತ್ರ ಕಳೆದರೆ ಉತ್ತರ ಹೇಳಬೇಕಾಗುತ್ತದೆ ಎಂದು ವಕೀಲರು ಎಚ್ಚರಿಸಿದರು. ಪುಕ್ಕಟೆ ಕೊಟ್ಟಷ್ಟು ಕಾಲ ಅದು ಉಪಕಾರ, ಯಾರೂ ಹಕ್ಕಿನಿಂದ ಕೇಳುವಂತಿಲ್ಲ. ಆ ಪ್ರಸ್ತಾಪ ಅಲ್ಲಿಗೇ ಬಿದ್ದುಹೋಯಿತು.

ಇಲ್ಲೊಂದು ಅಡ್ಡಮಾತು. ಇದೇ ಕೆಲಸವನ್ನು ಆ ಕಾಲದಲ್ಲಿ ಬೆಂಗಳೂರಿನ ಒಂದು ಖಾಸಗಿ ಕಂಪನಿ ಮಾಡುವ ಹಾಗಿರಲಿಲ್ಲ. 1885ರ ಭಾರತೀಯ ತಂತಿ ಕಾಯ್ದೆಯ ಪ್ರಕಾರ ಆ ಹಕ್ಕು ಸರ್ಕಾರದ್ದಾಗಿತ್ತು. ಬೇರೆಯವರಿಗೆ ಪರವಾನಗಿ ಬೇಕಿತ್ತು. ನಮ್ಮಲ್ಲಿ ಇ-ಮೇಲ್ ಬಂದದ್ದು 1986ರಲ್ಲಿ ಶುರುವಾದ ಶಿಕ್ಷಣ-ಸಂಶೋಧನಾ ಜಾಲ ಅರ್ನೆಟ್ ಮೂಲಕ, ಭಾರತೀಯ ವಿಜ್ಞಾನ ಸಂಸ್ಥೆ, ಐಐಟಿಗಳು, ಮುಂಬಯಿಯ ಎನ್‌ಸಿಎಸ್‌ಟಿಯಂಥ ಸಂಸ್ಥೆಗಳೊಳಗೆ. ವಿಜ್ಞಾನ ಸಂಸ್ಥೆಯಿಂದ ಹೊರಟ ಪತ್ರ ಮುಂಬಯಿಗೆ ಹೋಗಿ, ಅಲ್ಲಿಂದ ಯುಯುಸಿಪಿ ಕರೆಯಲ್ಲಿ ಆಮ್‌ಸ್ಟರ್‌ಡ್ಯಾಮ್ ಹಾದು ಅಮೆರಿಕ ಸೇರುತ್ತಿದ್ದ ಕಾಲವೊಂದಿತ್ತು. ಇಲ್ಲಿ ಯಾರು ಸಾಗಿಸಬಹುದು ಎಂಬುದಕ್ಕೆ ನೂರು ವರ್ಷದ ಕಾಯ್ದೆ. ಅಲ್ಲಿ ಕೊನೆಯ ಒಂದೆರಡು ಹೆಜ್ಜೆ ಯಾವುದೋ ಕಂಪನಿಯ ಅಡ್ಮಿನ್‌ನ ಒಳ್ಳೆಯ ಮನಸ್ಸಿನ ಮೇಲೆ.

ತಿರುವು

ಕೆಲಸಕ್ಕೆ ಬಂದದ್ದು ನಕ್ಷೆ. ಅಡ್ಮಿನ್ ಎಲ್ಲ ಸಂಪರ್ಕಗಳನ್ನೂ 'ಡಿಮ್ಯಾಂಡ್'ನಿಂದ 'ಡೈಲಿ'ಗೆ ಇಳಿಸಿ ಹೊಸ ನಮೂದು ಕಳಿಸಿದರು. 300 ಇದ್ದದ್ದು 5000. ಯಾರಿಗೂ ಇಲ್ಲ ಎನ್ನಲಿಲ್ಲ, ದಾರಿ ದುಬಾರಿ ಎಂದು ಬರೆದರು ಅಷ್ಟೇ. ದೂರದ ಯಂತ್ರಗಳು ತಮ್ಮಷ್ಟಕ್ಕೆ ತಾವೇ ಬೇರೆ ದಾರಿ ಹಿಡಿಯತೊಡಗಿದವು. ಹೊಸ ನಕ್ಷೆ ಹಂಚಿಕೆಯಾಗಿ, ಪ್ರತಿಯೊಂದು ಕಡೆ ಅಡ್ಮಿನ್‌ಗಳು ಅದನ್ನು ಹಾಕಿಕೊಂಡು ಮರುಲೆಕ್ಕ ಮಾಡಲು ತಿಂಗಳುಗಳೇ ಹಿಡಿಯುತ್ತವೆ ಎಂದು ಅವರು ಮೊದಲೇ ಮ್ಯಾನೇಜರಿಗೆ ಹೇಳಿದ್ದರು. ಈ ತಿಂಗಳ ಬಿಲ್ಲು ನೋಡಿ ಮುಂದಿನ ವಾರ ಮತ್ತೊಂದು ಹುಕುಂ ಹೊರಡಿಸಬೇಡಿ ಎಂದು ಕೇಳಿಕೊಂಡು, ಆ ಕಾಲಾವಕಾಶ ಗಿಟ್ಟಿಸಿದ್ದೇ ಅವರ ಜಾಣತನ. ಅಷ್ಟರಲ್ಲಿ ಹಗಲಿನ ಕರೆಯನ್ನು ಕಂಪನಿಯ ಸ್ವಂತ ಪತ್ರಗಳಿಗೆ ಮತ್ತೆ ತೆರೆದರು, ಸ್ಪೂಲ್‌ಗೆ ಬೇರೆ ಡಿಸ್ಕ್ ಭಾಗ ಕೊಟ್ಟರು, ನೆರೆಯವರಿಗೊಂದರಂತೆ ಡೈರೆಕ್ಟರಿ ಮಾಡುವ ಹೊಸ ಯುಯುಸಿಪಿ ಹಾಕಿದರು.

ನಕ್ಷೆಯ ಮಾತು ಕೇಳದವರು ಮನುಷ್ಯರು. ಆಗಿನ ರೂಢಿಯಂತೆ ಎಷ್ಟೋ ಜನ ತಮ್ಮ ಸಹಿಯ ಕೆಳಗೆ, ವಿಸಿಟಿಂಗ್ ಕಾರ್ಡಿನಲ್ಲಿ ಪೂರ್ತಿ ದಾರಿಯನ್ನೇ ಅಚ್ಚು ಹಾಕಿಸಿದ್ದರು, ನಡುವೆ ನಡುಮನೆ. ಹಾಗೆ ಬಂದ ಪತ್ರಗಳನ್ನು ದಾಟಿಸಿ, ಕಳಿಸಿದ ಯಂತ್ರದ ಮೇಲ್ ನೋಡಿಕೊಳ್ಳುವ ಪೋಸ್ಟ್‌ಮಾಸ್ಟರಿಗೆ ಒಂದು ಸೌಜನ್ಯದ ಟಿಪ್ಪಣಿ ಕಳಿಸುವುದನ್ನು ರೂಢಿ ಮಾಡಿದರು.

ನೇರ ನೆರೆಯವರ ಜೊತೆ ಮಾತು ಒಬ್ಬೊಬ್ಬರೊಂದಿಗೆ ಬೇರೆ ಬೇರೆಯಾಗಿ ನಡೆಯಿತು. ಪ್ರತಿಸ್ಪರ್ಧಿ ಕಂಪನಿಗೆ ಗಡುವು ಕೊಟ್ಟರು. 1987ರಲ್ಲಿ ರಿಕ್ ಆಡಮ್ಸ್ ಮುಂದಾಳತ್ವದಲ್ಲಿ, ಯೂನಿಕ್ಸ್ ಬಳಕೆದಾರರ ಯೂಸೆನಿಕ್ಸ್ ಸಂಘದ ಹಣದ ಬೆಂಬಲದಿಂದ, ಮೇಲ್ ಮತ್ತು ಯೂಸ್‌ನೆಟ್ ಸಾಗಿಸುವ ಯುಯುನೆಟ್ ಸೇವೆ ಶುರುವಾಗಿದ್ದರಿಂದ ದುಡ್ಡು ಕೊಟ್ಟು ಅಲ್ಲಿಗೆ ಸೇರುವ ದಾರಿ ಇತ್ತು, ಅವರು ತಕರಾರಿಲ್ಲದೆ ಸೇರಿದರು. ಆ ಸೇವೆ ಇನ್ನೂ ಇಲ್ಲದಿದ್ದರೆ ಈ ಪ್ರಕರಣ ಇಷ್ಟು ಸಲೀಸಾಗಿ ಮುಗಿಯುತ್ತಿರಲಿಲ್ಲ. ಸಂಶೋಧನಾಲಯ ತಾನೇ ಫೋನ್ ಮಾಡುತ್ತೇನೆ ಎಂದಿತು. ಕಾಲೇಜಿನ ಹತ್ತಿರ ದುಡ್ಡಿಲ್ಲ. ಅದನ್ನು ಉಳಿಸಿಕೊಂಡರು, ಆದರೆ ಈ ಬಾರಿ ಉಪಾಧ್ಯಕ್ಷರ ಸಹಿ ಹಾಕಿಸಿ, ವರ್ಷಕ್ಕೊಮ್ಮೆ ಮರುಪರಿಶೀಲನೆ ಎಂಬ ಷರತ್ತಿನ ಮೇಲೆ.

ಆದದ್ದೇನು

ಹಗಲಿನ ಕರೆಗಳು ಗಣನೀಯವಾಗಿ ಇಳಿದವು. ಆದರೂ ಬಿಲ್ಲಿನ ದೊಡ್ಡ ಇಳಿಕೆ ಬಂದದ್ದು ಆಮೇಲೆ, ಟೆಲಿಬಿಟ್ ಕಂಪನಿಯ ಟ್ರೇಲ್‌ಬ್ಲೇಜರ್ ಮೋಡೆಮ್ ಹಾಕಿದಾಗ, ಯೂಸ್‌ನೆಟ್ ಬಾಬತ್ತಿನಲ್ಲಿ. ಯುಯುಸಿಪಿ ಪ್ರತಿ 64 ಬೈಟಿನ ಪೊಟ್ಟಣಗಳಿಗೂ 'ಮುಟ್ಟಿತು' ಎಂಬ ಉತ್ತರ ಕಾಯುತ್ತದೆ. ಈ ಮೋಡೆಮ್ ದೂರದವನ ಉತ್ತರಕ್ಕೆ ಕಾಯದೆ ತಾನೇ ಇಲ್ಲಿಂದ ಉತ್ತರ ಕೊಟ್ಟು ಸಾಲನ್ನು ಓಡಿಸುತ್ತಿತ್ತು. ಹಣಕಾಸಿನವರು ಹೊರಗಿನವರ ಪತ್ರದ ಮೇಲೆ ಕಣ್ಣಿಟ್ಟಿದ್ದರು, ಹಣ ಸೋರುತ್ತಿದ್ದ ಇನ್ನೊಂದು ತೂತು ಎಂಜಿನಿಯರುಗಳು ಓದುತ್ತಿದ್ದ ಸುದ್ದಿಯಲ್ಲಿತ್ತು.

ಯಾರೂ ಎಣಿಸದ ನಷ್ಟವೂ ಆಯಿತು. ಉಪಕಾರ ಎರಡೂ ಕಡೆಯಿಂದ ನಡೆಯುತ್ತಿತ್ತು. ನಡುಮನೆ ದುಬಾರಿಯಾದ ಮೇಲೆ ಇಬ್ಬರು ನೆರೆಯವರು ತಾವೂ ಇವರ ಕಡೆಯ ಸಂಪರ್ಕವನ್ನು 'ಡೈಲಿ' ಮಾಡಿದರು. ದೂರದ ಗ್ರಾಹಕರ ದೋಷ ವರದಿ ಬರುವುದು ತಡವಾಯಿತು, ಕೆಲವರು ಫೋನಿಗೇ ಮರಳಿದರು. ಕೊನೆಗೆ ಕಂಪನಿ ತಾನೂ ಯುಯುನೆಟ್‌ಗೆ ಚಂದಾ ಕಟ್ಟಿತು. ಪ್ರತಿಸ್ಪರ್ಧಿಯ ಪತ್ರವೂ ಇವರ ಪತ್ರವೂ ಈಗ ಮೂರನೆಯವರ ಡಿಸ್ಕಿನ ಮೇಲೆ ಒಟ್ಟಿಗೆ ಮಲಗುತ್ತಿದ್ದವು. ವಕೀಲರಿಗೆ ಅದು ಸಮ್ಮತ, ಯಾಕೆಂದರೆ ಅಲ್ಲಿ ಒಪ್ಪಂದದ ಕಾಗದ ಇತ್ತು.

ಇದರಿಂದ ಕಲಿಯುವವರಿಗೆ

ನಾನು ಎತ್ತಿ ಹೇಳುವುದು ಎರಡು ಜಾಗಗಳನ್ನು. ಒಂದು, ಅಳತೆಯ ಮುಂಚಿನ ಸಭೆಗಳಲ್ಲಿ ಆಡಿದ ಬಹುತೇಕ ಮಾತು ವ್ಯರ್ಥವಾಯಿತು. ಬೈಟು, ಹೊತ್ತು, ವಿಳಾಸ ಈ ಮೂರನ್ನು ಬೇರೆ ಬೇರೆ ನೋಡಿದಾಗಲೇ ಯಾವುದು ದುಬಾರಿ ಎಂದು ತಿಳಿಯಿತು. ಇನ್ನೊಂದು, ಬಾಗಿಲು ಮುಚ್ಚುವ ಎರಡೂ ಯೋಚನೆಗಳಲ್ಲಿ ಹೊರಗಿನವರಿಗೆ ಮೊದಲೇ ತಿಳಿಸುವ ಅಂಶವೇ ಇರಲಿಲ್ಲ. ನಕ್ಷೆಯ ಉಪಾಯದಲ್ಲಿ ತಿಳಿಸುವುದೇ ಉಪಾಯ.

ಮುಂದೆ ಇಂಟರ್ನೆಟ್ ಮೇಲ್‌ನಲ್ಲಿ ಇದೇ ಪ್ರಶ್ನೆ ಒರಟಾಗಿ ಮರಳಿ ಬಂತು. ಯುಯುಸಿಪಿಯಲ್ಲಿ ಪತ್ರ ಕೊಡುವವನು ಲಾಗಿನ್, ಪಾಸ್‌ವರ್ಡ್ ಇರುವ ಪರಿಚಯದ ನೆರೆಯವನು. ಕಿರಿಕಿರಿಯಾದರೆ ಫೋನ್ ಮಾಡಿ ಕೇಳಬಹುದು. ಇಂಟರ್ನೆಟ್ ಮೇಲ್ ಸಾಗುವ ವಿಧಾನವಾದ ಎಸ್‌ಎಂಟಿಪಿಯಲ್ಲಿ ಯಾರು ಬೇಕಾದರೂ ಬಂದು ಸುರಿಯಬಹುದಿತ್ತು, ಸ್ಪ್ಯಾಮ್ ಕಳಿಸುವವರು ಸುರಿದರು. ಮೇಲ್ ಸಾಗಿಸುವ ತಂತ್ರಾಂಶ ಸೆಂಡ್‌ಮೇಲ್‌ನ 1998ರ 8.9 ಆವೃತ್ತಿಯಲ್ಲಿ ಹೊರಗಿನವರ ಪತ್ರ ದಾಟಿಸುವುದನ್ನು ಮೊದಲಿನಿಂದಲೇ ನಿಲ್ಲಿಸಿ ಕೊಡಲಾಯಿತು. ಬೇಕಾದವರು ತಾವೇ ತೆರೆದುಕೊಳ್ಳಬೇಕು.

ನಮ್ಮ ಪ್ರಕರಣದಲ್ಲಿ ಒಂದು ವಿಷಯ ಕೊನೆಗೂ ಇತ್ಯರ್ಥವಾಗಲಿಲ್ಲ. ಕಂಪನಿಯ ಇಬ್ಬರು ಗ್ರಾಹಕರು ಅದರದೇ ಉಪಕರಣದ ಬಗ್ಗೆ ತಮ್ಮ ತಮ್ಮಲ್ಲಿ ಬರೆದುಕೊಂಡ ಪತ್ರ ನಡುಮನೆ ದಾಟಿದರೆ ಅದು ಹೊರಗಿನವರದೋ ಒಳಗಿನದೋ? ಗ್ರಾಹಕ ಸೇವೆಯವರು ಒಳಗಿನದು ಎಂದರು, ಹಣಕಾಸಿನವರು ಹೊರಗಿನದು ಎಂದರು. ವಿಷಯ ಏನೆಂದು ತಿಳಿಯಲು ಪತ್ರ ಓದಬೇಕಲ್ಲ ಎಂದರು ವಕೀಲರು. ಅಡ್ಮಿನ್ ಅವನ್ನೆಲ್ಲ ದಾಟಿಸಿದರು, ಲೆಕ್ಕದಲ್ಲಿ 'ಇತರೆ' ಎಂದು ಬರೆದರು.